ಭೀಮಾಬಾಯಿಯ ಬಲಗೈ ಹಚ್ಚೆ

ಆ ಪುಸ್ತಕಕ್ಕೆ ಕೆಂಪು ಚೀಟಿ ಹಚ್ಚಿದ್ದರು. ಹಾಳೆ ಪುಡಿಪುಡಿ ಆಗುತ್ತವೆ, ಓದಲು ಕೊಡಬೇಡಿರಿ ಅಂತ ಅದರ ಅರ್ಥ. ನಮ್ಮ ದಫ್ತರದಲ್ಲಿ, ಅಂದರೆ ಹಳೆ ಸರಕಾರಿ ಕಾಗದ ಇಡುವ ಕಚೇರಿಯಲ್ಲಿ, ಕೆಂಪು ಚೀಟಿ ಹಚ್ಚುವುದು ಭಾಳ ಸಸ್ತಾ ಕೆಲಸ. ಒಮ್ಮೆ ಹಚ್ಚಿಬಿಟ್ಟರೆ ಏಣಿ ಹತ್ತುವುದು ತಪ್ಪಿತು, ಧೂಳು ಕುಡಿಯುವುದು ತಪ್ಪಿತು, ಬಂದವರಿಗೆ ‘ಇಲ್ಲ’ ಅಂದರೆ ಮುಗಿಯಿತು. ಪುಡಿಯಾಗುವ ಹಾಳೆಯನ್ನು ಗಟ್ಟಿ ಮಾಡುವ ಹೆಂಗಸೊಬ್ಬಳು ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ಕೂತಿದ್ದಾಳೆ ಅಂತ ಯಾರೂ ಹೇಳುವುದಿಲ್ಲ.

ಆ ಹೆಂಗಸು ನಾನು. ಓದಿದ್ದು ನಾಲ್ಕನೇತ್ತೆ, ಅದೂ ಕನ್ನಡದಲ್ಲಿ, ರಾಯಚೂರಿನ ಕಡೆ. ಗಂಡ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಹೈದರಾಬಾದಿನ ಈ ದಫ್ತರದಲ್ಲಿ ಸೇರಿಕೊಂಡೆ, ಹಳೆ ಕಾಗದ ರಿಪೇರಿ ಕಲಿತೆ, ರಿಟೈರ್ ಆದೆ. ಮೊಮ್ಮಗಳಿಗೆ ವರ ನೋಡುವ ಹೊತ್ತಿಗೆ ಮತ್ತೆ ಕರೆದರು. ಹಳೆ ಪುಸ್ತಕ ಎಲ್ಲಾ ಸ್ಕ್ಯಾನ್ ಆಗಬೇಕಂತೆ, ಅಂಟಿದ ಹಾಳೆ ಬಿಡಿಸಲು ಬರುವವರು ಯಾರೂ ಉಳಿದಿಲ್ಲವಂತೆ. ದಿನಾ ಉಪ್ಪಲ್‌ನಿಂದ ಮೆಟ್ರೊ ಹತ್ತಿ ಬರತೊಡಗಿದೆ.

ಅವತ್ತು ನೀರು ತುಂಬಿಸಿಕೊಳ್ಳಲು ಓದುವ ಕೋಣೆಯ ಮುಂದೆ ಹೋದಾಗ ಒಬ್ಬಾಕಿ ಮೇಜು ಹಿಡಿದು ನಿಂತಿದ್ದಳು. ಅರವತ್ತರ ಆಸುಪಾಸು, ಕಾಟನ್ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದೇ ಕಾಗದ. ನಮ್ಮ ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೇ ಹೇಳುತ್ತಿದ್ದರು: ಆ ರಿಜಿಸ್ಟರ್ ಸ್ಕ್ಯಾನಿಂಗಿಗೆ ಹೋಗಿದೆ, ಆರು ತಿಂಗಳು ಬಿಟ್ಟು ಬನ್ನಿ.

“ಆರು ತಿಂಗಳು ನಮ್ಮವ್ವ ಇರೂದಿಲ್ಲ” ಅಂದಳು ಆಕಿ. ಮಾತಾಡಿದ್ದು ಹಿಂದಿ. ನಾನು ಇಲ್ಲಿ ಬರೆಯುವುದು ನನ್ನ ಮಾತಿನಲ್ಲಿ.

ಆಕಿ ಅಂಡಮಾನಿನಿಂದ ಬಂದಿದ್ದಳು. ಅಲ್ಲಿಯ ಸಾಲೆಯಲ್ಲಿ ಮಾಸ್ತರಿಣಿ ಆಗಿದ್ದಳಂತೆ. ಎಂಟು ದಿನಕ್ಕೆ ವಾಪಸ್ ವಿಮಾನ. ವರಾಂಡದ ಬೆಂಚಿನ ಮೇಲೆ ಕೂಡಿಸಿ ಏನು ಎತ್ತ ಕೇಳಿದೆ. ಆಕಿಯ ಅವ್ವನಿಗೆ ತೊಂಬತ್ತು ದಾಟಿದೆ, ಹಾಸಿಗೆ ಹಿಡಿದಿದ್ದಾಳೆ. ಆ ಮುದುಕಿಯ ಅಜ್ಜಿಯ ಅವ್ವನನ್ನು ಇಲ್ಲಿಂದಲೇ ಕೈದಿ ಮಾಡಿ ಹಡಗು ಹತ್ತಿಸಿದ್ದರು. ಖೂನಿ ಗುನ್ಹೆ, ಜನ್ಮಪೂರ್ತಿ ಶಿಕ್ಷೆ. ಅಲ್ಲಿ ಕೆಲವು ವರ್ಷ ಕಳೆದ ಮೇಲೆ ಇನ್ನೊಬ್ಬ ಕೈದಿಯ ಜೊತೆ ಮದುವೆಗೆ ಒಪ್ಪಿಗೆ ಕೊಟ್ಟರು. ಇವರೆಲ್ಲ ಆ ಸಂಸಾರದ ಕುಡಿಗಳು. ಆ ಕೈದಿ ಹೆಂಗಸು ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದಳಂತೆ: ‘ನನಗ ಅಲ್ಲೊಂದು ಮಗಳ ಐತಿ.’

“ಅಷ್ಟ ಹೇಳತಿದ್ಲು. ಹೆಚ್ಚಿಗಿ ಒಂದ ಮಾತ ಇಲ್ಲ. ಆ ಕಾಲದಾಗ ಕೂಸು ಕೊಂದ ಗುನ್ಹೇಕ್ಕ ಭಾಳ ಹೆಂಗಸರನ್ನ ಅಲ್ಲಿಗೆ ಕಳಿಸಿದ್ರು ದೀದಿ. ಹಂಗಾಗಿ ನೆರಿಯವರು ಜಗಳ ಬಂದಾಗೆಲ್ಲಾ ನಮ್ಮವ್ವಗ ಅದನ್ನ ಅಂತಾರ. ಕೂಸಿನ ಕುತ್ತಿಗಿ ಹಿಚುಕಿದಾಕಿ ವಂಶ ಅಂತ. ತೊಂಬತ್ತು ವರ್ಷ ಕೇಳ್ಯಾಳ. ಈಗ ಹಠ ಹಿಡದಾಳ, ಆಕಿ ಕೊಂದಿದ್ದು ಯಾರನ್ನ ಅಂತ ತಿಳೀಬೇಕು, ಆ ಮ್ಯಾಲೆ ಸಾಯ್ತೀನಿ ಅಂತ.”

ಕವರಿನೊಳಗಿನ ಕಾಗದ ಆ ದ್ವೀಪದ ಮದುವೆ ಒಪ್ಪಿಗೆಯ ಪುಸ್ತಕದ ನಕಲು. ಹೆಸರು ಭೀಮಾ. ಹಡಗು ಇಳಿದ ವರ್ಷ. ಜಿಲ್ಲೆ ಲಿಂಗಸುಗೂರು. ಮೈಮೇಲಿನ ಗುರುತು. ಗುನ್ಹೆ ಖೂನಿ. ಯಾರ ಖೂನಿ ಅಂತ ಬರೆಯಲು ಜಾಗವೇ ಬಿಟ್ಟಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಆ ವರ್ಷವೂ ಸೇರಿದ ರವಾನಗಿ ರಿಜಿಸ್ಟರ್, ಅಂದರೆ ಇಲ್ಲಿಯ ಜೈಲಿನಿಂದ ಮದ್ರಾಸಿನ ಬಂದರಿಗೆ ಕಳಿಸಿದ ಕೈದಿಗಳ ಪುಸ್ತಕ, ಸ್ಕ್ಯಾನಿಂಗಿಗೆ ಹೋಗಿರಲೇ ಇಲ್ಲ. ನನ್ನ ಮೇಜಿನ ಮೇಲೆ, ನನ್ನ ಚಾ ಕಪ್ಪಿನ ಪಕ್ಕದಲ್ಲಿ ಬಿದ್ದಿತ್ತು.

ಪುಸ್ತಕ ಹೊರಗೆ ಕೊಡುವ ಅಧಿಕಾರ ನನಗಿಲ್ಲ. ಆದರೆ ಯಾವ ಹಾಳೆಯನ್ನು ಮೊದಲು ರಿಪೇರಿ ಮಾಡಬೇಕು ಅನ್ನುವುದು ನನ್ನ ಕೈಯಲ್ಲಿತ್ತು. ಹೊಲಿಗೆ ಬಿಚ್ಚಿ ಆ ವರ್ಷದ ಹಾಳೆಗಳನ್ನು ಮುಂದಕ್ಕೆ ತಂದುಕೊಂಡೆ. ರಿಪೇರಿ ಆದ ಪ್ರತಿ ಹಾಳೆಯನ್ನೂ ಓದಿ ಪಟ್ಟಿ ಮಾಡುವುದು ಮುನ್ಶಿ ಸಾಬರ ಕೆಲಸ. ಅವರು ಹಳೆ ಉರ್ದು, ಫಾರ್ಸಿ ಬಲ್ಲವರು, ನನಗಿಂತ ಐದು ವರ್ಷ ದೊಡ್ಡವರು, ಬಾಯಲ್ಲಿ ಹಲ್ಲಿಗಿಂತ ಜೋಕು ಜಾಸ್ತಿ. ಪಟ್ಟಿ ಓದುವಾಗ ಪಕ್ಕದ ಕುರ್ಚಿಯಲ್ಲಿ ಯಾರಾದರೂ ಕೂತು ಕೇಳಿಸಿಕೊಂಡರೆ ಅದನ್ನು ತಡೆಯುವ ಯಾವ ರೂಲೂ ಇಲ್ಲ. ಆ ಕುರ್ಚಿಯಲ್ಲಿ ಆಕಿಯನ್ನು ಕೂಡಿಸಿದೆ.

“ಬಾಯಾರೇ, ನೌಕ್ರಿ ಹೋಗ್ತದ” ಅಂದರು ಮುನ್ಶಿ ಸಾಬರು.

“ರಿಟೈರ್ ಆದಾಕಿಯ ನೌಕ್ರಿ ಎಲ್ಲಿ ಹೋಗ್ತೈತ್ರಿ? ಓದ್ರಿ ನೀವು.”

ಕೆಲಸ ಅವಸರದ್ದಲ್ಲ. ಮೊದಲು ಜಂಗು ಹಿಡಿದ ಟಾಚಣಿ, ಅಂದರೆ ಗುಂಡುಸೂಜಿ ತೆಗೆಯಬೇಕು, ಎಳೆಯಬಾರದು, ಹೊರಳಿಸಿ ತೆಗೆಯಬೇಕು. ಮೆತ್ತನ್ನ ಬ್ರಷಿನಿಂದ ಧೂಳು ಒಳಗಿನಿಂದ ಅಂಚಿನ ಕಡೆಗೆ ಹೊಡೆಯಬೇಕು. ಆಮೇಲೆ ಮೈದಾ ಅಂಟು. ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಹುಳ ಹತ್ತುವುದಿಲ್ಲ. ತೆಳು ಟಿಶ್ಯೂ ಕಾಗದ ಹರಿದ ಕಡೆ ಕೂಡಿಸಿ, ಸುಲ್ತಾನ್ ಬಜಾರಿನಿಂದ ತಂದ ಮಲ್‌ಮಲ್ ಬಟ್ಟೆಯ ನಡುವೆ ಇಟ್ಟು, ಹಲಗೆ ಹೇರಬೇಕು. ದಿನಕ್ಕೆ ಹತ್ತು ಹನ್ನೆರಡು ಹಾಳೆ ಆದರೆ ಪುಣ್ಯ. ಸ್ಕ್ಯಾನಿಂಗ್ ಗುತ್ತಿಗೆಯವರ ಸೂಪರ್‌ವೈಜರ್ ಮಾತ್ರ ಬಾಗಿಲಲ್ಲಿ ನಿಂತು ಒಂದೇ ಸಮ ಕೇಳುವುದು: “ಅಮ್ಮಾ, ಇವತ್ತು ಎಷ್ಟು?” ಹಾಳೆ ಅಂಟಿಕೊಂಡಿದ್ದರೆ ಬಿಡಿಸಬೇಡ, ನಡುವೆ ಒಂದು ಖಾಲಿ ಕಾಗದ ಇಟ್ಟು ‘ಪುಟ ಅಂಟಿದೆ’ ಅಂತ ಬರೆದು ಮುಂದೆ ಹೋಗು ಅಂತ ಅವನ ಉಪದೇಶ. ಖಾಲಿ ಕಾಗದದ ಫೋಟೊ ತೆಗೆದು ಸರಕಾರಕ್ಕೆ ಕೊಡುವವರನ್ನು ನಾನು ಆಗಲೇ ನೋಡಿದ್ದು.

ನಾಲ್ಕು ದಿನ ಹೀಗೆ ಹೋದವು. ಆ ವರ್ಷ ಇಲ್ಲಿಂದ ಹೋದ ಹೆಂಗಸರು ಏಳೇ ಜನ. ಮುನ್ಶಿ ಸಾಬರು ಏಳೂ ಹೆಸರು ಎರಡೆರಡು ಸಲ ಓದಿದರು. ಭೀಮಾ ಇಲ್ಲ. ಹಿಂದಿನ ವರ್ಷ ನೋಡಿದೆವು, ಮುಂದಿನ ವರ್ಷ ನೋಡಿದೆವು. ಇಲ್ಲ.

ಅಂಡಮಾನಿನಿಂದ ಬಂದಾಕಿ, ನನ್ನ ಲೆಕ್ಕದಲ್ಲಿ ದ್ವೀಪದ ಬಾಯಿ, ಅಳಲಿಲ್ಲ. ಡಬ್ಬಿ ತೆಗೆದು ಊಟ ಮಾಡಿದಳು, ಡಬ್ಬಿ ತೊಳೆದಳು. “ನಾಳಿಂದ ಬರೂದಿಲ್ಲ ದೀದಿ. ಅವ್ವಗ ಏನರ ಒಂದು ಹೇಳಿದರಾತು” ಅಂದಳು.

“ಏನ ಹೇಳ್ತಿ?”

“ಕೂಸನ್ನ ಕೊಂದಿಲ್ಲಂತ.”

“ನಿನಗ ಗೊತ್ತೈತೇನು ಹಂಗಂತ?”

ಆಕಿ ಡಬ್ಬಿ ಚೀಲದೊಳಗೆ ಇಟ್ಟಳು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ರಾಯಚೂರಿನಿಂದ ನಮ್ಮಣ್ಣ. ಅವನಿಗೆ ಕಿವಿ ಮಂದ, ಫೋನಿನಲ್ಲೂ ಹೊಲದ ಈ ಬದಿಯಿಂದ ಆ ಬದಿಗೆ ಕೂಗಿದಂತೆ ಮಾತಾಡುತ್ತಾನೆ. “ಚಂಪಾ! ಏ ಚಂಪಾ! ವರ ನೋಡಾಕ ಯಾವಾಗ ಬರ್ತಿ?” ಕೋಣೆಗೆಲ್ಲ ಕೇಳಿಸಿತು. ಮಾತು ಮುಗಿಸಿ ಫೋನು ಇಟ್ಟ ಮೇಲೆ ಆಕಿ ಕೇಳಿದಳು:

“ದೀದಿ, ನಿಮ್ಮ ಹೆಸರು ಸುಮಿತ್ರಾ ಅಲ್ಲೇನು? ಚಂಪಾ ಯಾರು?”

ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟೆ. ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ನಮ್ಮ ಕಡೆ ಲಗ್ನದ ದಿನ ಗಂಡನ ಮನೆಯವರು ಹುಡುಗಿಯ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಅದರಲ್ಲಿ ಉಂಗುರದಿಂದ ಹೊಸ ಹೆಸರು ಬರೆಸುತ್ತಾರೆ. ಸುತ್ತ ಕೂತವರು ನಗುತ್ತಾರೆ, ಪೇಢೆ ಹಂಚುತ್ತಾರೆ. ಅವತ್ತಿನಿಂದ ಹುಟ್ಟಿದ ಹೆಸರು ತವರಿನ ಹೊಸ್ತಿಲು ದಾಟಿ ಬರುವುದಿಲ್ಲ. ನಾನು ಚಂಪಾ ಆಗಿ ಸಾಲೆಗೆ ಹೋದೆ, ಸುಮಿತ್ರಾ ಆಗಿ ನೌಕರಿ ಮಾಡಿದೆ. ಪೆನ್ಶನ್ ಹೊತ್ತಿನಲ್ಲಿ ಸಾಲೆಯ ದಾಖಲೆಯವಳೂ ನಾನೇ, ದಫ್ತರದವಳೂ ನಾನೇ ಅಂತ ರುಜುವಾತು ಮಾಡಲು ಚಪ್ಪಲಿ ಹರಿಯುವಷ್ಟು ಓಡಾಡಿದೆ. ಇಷ್ಟೆಲ್ಲ ಅನುಭವಿಸಿದ ನಾನು, ಇನ್ನೊಬ್ಬಳನ್ನು ಹುಡುಕುವಾಗ ಒಂದೇ ಹೆಸರು ಹಿಡಿದುಕೊಂಡು ನಾಲ್ಕು ದಿನ ಹಾಳು ಮಾಡಿದ್ದೆ. ಗಂಡಸರು ಹೀಗೆ ಮಾಡಿದ್ದರೆ ಬೈಯುತ್ತಿದ್ದೆ. ಯಾರಿಗೆ ಬೈಯಲಿ?

ಭೀಮಾ ತವರಿನ ಹೆಸರು ಇರಬೇಕು. ಇಲ್ಲಿ ಕೋರ್ಟಿನಲ್ಲಿ ಬರೆಸಿದವರು ಗಂಡನ ಮನೆಯವರು, ಅವರು ತಾವಿಟ್ಟ ಹೆಸರನ್ನೇ ಬರೆಸಿರುತ್ತಾರೆ. ಅಲ್ಲಿ ದ್ವೀಪದಲ್ಲಿ ಕೊರಳಿಗೆ ನಂಬರಿನ ಬಿಲ್ಲೆ ಕಟ್ಟಿದ್ದರು. ಮದುವೆ ಪುಸ್ತಕಕ್ಕೆ ಹೆಸರು ಕೇಳಿದಾಗ ಪಕ್ಕದಲ್ಲಿ ಅತ್ತೆ ಇಲ್ಲ, ಮಾವ ಇಲ್ಲ. ತನಗೆ ಬೇಕಾದ ಹೆಸರು ಹೇಳಿದ್ದಾಳೆ.

“ಮುನ್ಶಿ ಸಾಬ್ರ, ಹೆಸರು ಬಿಡ್ರಿ. ಮೈ ಮ್ಯಾಲಿನ ಗುರುತು ಓದ್ರಿ.”

“ತೌಬಾ! ಪರಾಯಿ ಹೆಂಗಸರ ಮೈ ಗುರುತು ನಾ ಓದೂದಿಲ್ಲ. ಅದಕ್ಕ ಆ ಖಾನೆ ಬಿಟ್ಟೇ ಓದಾಕತ್ತೀನಿ.”

“ನೂರು ವರ್ಷದ ಹಿಂದ ಸತ್ತಾರ್ರೀ ಅವರು. ನಾಚಿಕಿ ಆಮ್ಯಾಲೆ ಪಡ್ರಿ.”

ಅವರು ಕನ್ನಡಕ ಒರೆಸಿಕೊಂಡು ಶುರು ಮಾಡಿದರು. ಮೊದಲನೆಯಾಕಿ ಗದ್ದದ ಮೇಲೆ ಮಚ್ಚೆ. ಎರಡನೆಯಾಕಿ ಒಕ್ಕಣ್ಣಿ. ಮೂರನೆಯಾಕಿಗೆ ಏನೂ ಬರೆದಿಲ್ಲ. ನಾಲ್ಕನೆಯಾಕಿ ರುಕ್ಮಾ. “ಬಲ ಮುಂಗೈ ಮ್ಯಾಲೆ ಹಚ್ಚೆ. ಕಟ್ಟೆ, ಕಟ್ಟೆ ಮ್ಯಾಲೆ ಗಿಡ. ಕೆಳಗ ಚುಕ್ಕಿ ನಾಲ್ಕು.”

ದ್ವೀಪದ ಬಾಯಿಯ ಕಾಗದದಲ್ಲಿ ‘ಕುಂಡದಲ್ಲಿ ಗಿಡ, ನಾಲ್ಕು ಚುಕ್ಕಿ’ ಅಂತಿತ್ತು. ಆಕಿ ಎದ್ದು ನಿಂತುಬಿಟ್ಟಳು. ನಾನು ಸೀರೆಯ ಸೆರಗು ಸರಿಸಿ ನನ್ನ ಬಲಗೈ ತೋರಿಸಿದೆ. ತುಳಸಿಕಟ್ಟೆ. ಲಗ್ನಕ್ಕಿಂತ ಮೊದಲು ತವರಿನಲ್ಲಿ ಹೊಯ್ಯಿಸಿ ಕಳಿಸುತ್ತಿದ್ದರು. ಹೆಸರು ಕಸಿದುಕೊಂಡವರು ಇದನ್ನು ಕಸಿದುಕೊಳ್ಳಲು ಆಗಲಿಲ್ಲ ನೋಡಿ.

ಮುನ್ಶಿ ಸಾಬರು ತಲೆ ಅಲ್ಲಾಡಿಸಿದರು. “ಆ ಸೀಮೆ ಅರ್ಧ ಹೆಂಗಸರ ಕೈಮ್ಯಾಲೆ ಇದಽ ಇರ್ತದ. ಸಾಲೂದಿಲ್ಲ ಬಾಯಾರೇ.” ಮಾತು ಖರೆ. ಮುಂದೆ ಓದಿದರು: ಎಡ ಮಣಿಕಟ್ಟಿನಲ್ಲಿ ಸುಟ್ಟ ಕಲೆ. ಬಲಗಿವಿಯ ಹಾಲೆ ಹರಿದಿದೆ. ಕಾಗದ ನೋಡಿದೆವು. ಸುಟ್ಟ ಕಲೆ ಎಡ ಮಣಿಕಟ್ಟು. ಹರಿದ ಕಿವಿ ಬಲಗಡೆಯದು.

ಮೂರೂ ಕೂಡಿದವು. ರುಕ್ಮಾ ಅಂದರೆ ಭೀಮಾ.

ಆದರೆ ಬಲಗಡೆಯ ಪುಟದಲ್ಲಿ ಹೆಸರು, ಗುರುತು ಇಷ್ಟೇ. ಗುನ್ಹೆ ಏನು, ಸತ್ತವರು ಯಾರು, ಅದೆಲ್ಲ ಎದುರಿನ ಪುಟದಲ್ಲಿ. ಆ ಪುಟ ಬೋರಲಾಗಿ ಹಿಂದಿನ ಹಾಳೆಗೆ ಅಂಟಿಕೊಂಡು ಕಲ್ಲಾಗಿತ್ತು. ಯಾರೋ ಪುಣ್ಯಾತ್ಮ ಯಾವ ಕಾಲದಲ್ಲೋ ಗೋಂದು ಬಳಿದು ‘ರಿಪೇರಿ’ ಮಾಡಿದ್ದ.

ಮರುದಿನ ಬೆಳಿಗ್ಗೆ ಸೂಪರ್‌ವೈಜರ್ ಬಂದ. ಈ ಪುಸ್ತಕ ಇವತ್ತು ಒಯ್ಯುತ್ತೇನೆ, ಅಂಟಿದ್ದು ಅಂಟಿರಲಿ ಅಂದ. ನಾನು ಪುಸ್ತಕದ ಮೇಲೆ ಎರಡೂ ಕೈ ಊರಿದೆ.

“ಒಯ್ಯೂದಿದ್ದರ ನನ್ನನ್ನೂ ಹೊತಗೊಂಡು ಹೋಗು. ಎರಡು ದಿನ ಬೇಕು ನನಗ.”

“ಮೇಲಿನವರಿಗೆ ಹೇಳ್ತೀನಮ್ಮಾ.”

“ಹೇಳು. ಖಾಲಿ ಕಾಗದದ ಫೋಟೊ ಎಷ್ಟು ತಗದೀರಿ ಅಂತ ನಾನೂ ಹೇಳ್ತೀನಿ.”

ಅವನು ಹೋದ. ಅಷ್ಟು ಬಾಯಿ ಮಾಡಿದ ಮೇಲೆ ಹಾಳೆ ಬಿಡಿಸಲು ಆಗದಿದ್ದರೆ ಮುಖ ಎಲ್ಲಿಡಲಿ ಅಂತ ನನಗೂ ಅನಿಸಿತು. ಒದ್ದೆ ಹತ್ತಿಯನ್ನು ಮೂಲೆಯ ಒಂದು ಅಕ್ಷರಕ್ಕೆ ಮುಟ್ಟಿಸಿ ನೋಡಿದೆ. ಹತ್ತಿ ಕಪ್ಪಾಯಿತು. ಮಸಿ ಬಿಡುತ್ತದೆ, ಅಂದರೆ ನೀರು ಬೇಡ, ನೇರ ಉಗಿಯೂ ಬೇಡ. ಉಳಿದದ್ದು ತೇವದ ಗಾಳಿ ಒಂದೇ. ದೊಡ್ಡ ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಹಿಂಡಿದ ಒದ್ದೆ ಬಟ್ಟೆ ಹಾಸಿ, ಮೇಲೆ ಜಾಲರಿ ಇಟ್ಟು, ಹಾಳೆಗಳನ್ನು ಮಲ್‌ಮಲ್ಲಿನಲ್ಲಿ ಸುತ್ತಿ ಇಟ್ಟು ಮುಚ್ಚಳ ಹಾಕಿದೆ. ಎರಡೆರಡು ತಾಸಿಗೆ ತೆಗೆದು ಬೆರಳು ಮುಟ್ಟಿಸಿ ನೋಡುವುದು. ಹೆಚ್ಚು ಹೊತ್ತಾದರೆ ಬೂಷ್ಟು, ಕಡಿಮೆ ಆದರೆ ಚೂರು. ಬಟ್ಟೆ ಮೂರು ಸಲ ಬದಲಿಸಿದೆ.

ಮರುದಿನ ಮಧ್ಯಾಹ್ನ ಗೋಂದು ಮೆತ್ತಗಾಯಿತು. ಬಿದಿರಿನ ಚಪ್ಪಟೆ ಕಡ್ಡಿ ಅಂಚಿನಿಂದ ತೂರಿಸಿದೆ. ಅರ್ಧ ಬೆರಳು, ಒಂದು ಬೆರಳು. ಮೂಲೆಯ ಹತ್ತಿರ ಅವಸರ ಮಾಡಿದೆ. ಚರ್ ಅಂತ ರೂಪಾಯಿ ಬಿಲ್ಲೆಯಷ್ಟು ಕಾಗದ ಹರಿದು ಹಿಂದಿನ ಹಾಳೆಗೇ ಅಂಟಿ ಉಳಿಯಿತು. ತಪ್ಪು ನನ್ನದೇ. ಕೈ ಒರೆಸಿಕೊಂಡು, ನೀರು ಕುಡಿದು ಬಂದು, ಉಳಿದದ್ದನ್ನು ಬಿಡಿಸಿದೆ. ಆ ಚೂರನ್ನೂ ಆಮೇಲೆ ಎಬ್ಬಿಸಿ ಜಾಗಕ್ಕೆ ಕೂಡಿಸಿದೆ. ಒಂದು ಅಕ್ಷರ ಮಾತ್ರ ಹೋಯಿತು.

ಹಾಳೆ ಒಣಗುವವರೆಗೆ ಕಾದೆವು. ಮುನ್ಶಿ ಸಾಬರು ಬಗ್ಗಿ ಬೆರಳು ಹಾಳೆಗೆ ತಾಗಿಸದೇ ಸಾಲು ಹಿಡಿದು ಹೋದರು.

“ಖೂನಿ. ಸತ್ತವರು...” ನಿಲ್ಲಿಸಿದರು.

“ಹೇಳ್ರಿ ಸಾಬ್ರ!”

“ಶೌಹರ್. ಗಂಡ.”

ದ್ವೀಪದ ಬಾಯಿ ಕುರ್ಚಿಯ ತೋಳು ಹಿಡಿದುಕೊಂಡಳು. ಅವರು ಮುಂದಿನ ಖಾನೆಗೆ ಹೋದರು. ಕೂಸು ಒಂದು, ಹೆಣ್ಣು, ವಯಸ್ಸು ಸುಮಾರು ಎರಡು, ತಾಯಿಯ ಜೊತೆ ಜೈಲಿನಲ್ಲಿ ಇದೆ. ಗಂಡನ ಮನೆಯವರು ತೆಗೆದುಕೊಳ್ಳಲು ಒಪ್ಪಲಿಲ್ಲ. ತವರಿನಿಂದ ಯಾರೂ ಬರಲಿಲ್ಲ. ರವಾನಗಿಯ ದಿನ ಕೂಸನ್ನು ಜೈಲಿನ ಕಸಗುಡಿಸುವ ಹೆಂಗಸಿಗೆ ಒಪ್ಪಿಸಿ ರಸೀದಿಗೆ ಅವಳ ಗುರುತು ಹಾಕಿಸಿಕೊಳ್ಳಲಾಗಿದೆ. ಕೂಸಿನ ಹೆಸರಿನ ಜಾಗ ಖಾಲಿ.

ಯಾಕೆ ಕೊಂದಳು ಅಂತ ಎಲ್ಲೂ ಇಲ್ಲ. ಮಣಿಕಟ್ಟು ಸುಟ್ಟಿದ್ದು ಯಾರು, ಕಿವಿ ಹರಿದಿದ್ದು ಯಾರು, ಅದೂ ಇಲ್ಲ. ಕಲೆಯ ಉದ್ದ ಮಾತ್ರ ಅಳತೆ ಹಚ್ಚಿ ಬರೆದಿದ್ದಾರೆ. ಅವಳು ಸಾಧ್ವಿ ಅಂತ ನಾನು ಹೇಳುವುದಿಲ್ಲ, ನಾನೇನು ನೋಡಿಲ್ಲ. ಆದರೆ ಆ ಕೂಸನ್ನು ಎರಡು ಮನೆಯವರು ಬೇಡ ಅಂದಾಗ ಸೆರಗೊಡ್ಡಿ ತೆಗೆದುಕೊಂಡವಳು ಕಸಬರಿಗೆ ಹಿಡಿದವಳು. ಆಕಿಯ ಹೆಸರನ್ನೂ ಬರೆದಿಲ್ಲ ಬದ್ಮಾಶರು.

ವಿಮಾನಕ್ಕೆ ಒಂದು ದಿನ ಉಳಿದಿತ್ತು. ಬಾಯಿಮಾತಿನ ಸುದ್ದಿ ಹಿಡಿದುಕೊಂಡು ಹೋದರೆ ಆ ನೆರೆಯವರ ಮುಂದೆ ಏನೂ ನಡೆಯುವುದಿಲ್ಲ, ಮೊಹರು ಬಿದ್ದ ನಕಲು ಬೇಕು. ಮೂವರೂ ಅಧಿಕಾರಿಯ ಹತ್ತಿರ ಹೋದೆವು. ಕೆಂಪು ಚೀಟಿಯ ಪುಸ್ತಕ ಓದಿದ್ದು ಹೇಗೆ ಅಂತ ಮೊದಲು ನನ್ನನ್ನು ಬೈದರು. ಬೈಯಲಿ ಅಂತ ಬಿಟ್ಟೆ. ಆಮೇಲೆ ಎರಡೂ ಕಾಗದ ನೋಡಿ ಅಂದರು: “ಹೆಸರೇ ಬೇರೆ ಬೇರೆ. ಇಬ್ಬರೂ ಒಬ್ಬಳೇ ಅಂತ ನಾನು ಹೆಂಗೆ ಬರೆದುಕೊಡಲಿ ಅಮ್ಮಾ? ರೂಲ್ ಇಲ್ಲ.”

“ರೂಲ್ ಐತ್ರಿ ಸಾಹೇಬ್ರ. ನನ್ನ ಸರ್ವಿಸ್ ರಿಜಿಸ್ಟರಿನ ಮೊದಲನೇ ಪುಟ ತಗೀರಿ.”

“ಅದ್ಯಾಕೆ?”

“ತಗೀರಿ ನೀವು.”

ತೆಗೆಸಿದರು. ಹೆಸರಿನ ಕೆಳಗೆ ಸಾಲು ಇತ್ತು: ಗುರುತು, ಬಲಗೈ ಮೇಲೆ ತುಳಸಿಕಟ್ಟೆ ಹಚ್ಚೆ, ಎಡ ಹುಬ್ಬಿನ ಮೇಲೆ ಗಾಯದ ಕಲೆ. “ಚಂಪಾನೂ ನಾನ, ಸುಮಿತ್ರಾನೂ ನಾನ ಅಂತ ಇದ ಟೇಬಲ್ಲಿನ ಮುಂದ ಕೈ ತೋರಿಸಿ ನಿಂತೀನಿ. ನಿಮ್ಮ ಹಿಂದಿನ ಸಾಹೇಬರು ಗುರುತು ಕೂಡತಾವ ಅಂತ ಸಹಿ ಹಾಕಿ ಪೆನ್ಶನ್ ಕೊಟ್ಟಾರ. ಬದುಕಿದಾಕಿಗೆ ನಡಿಯೋ ರೂಲು ಸತ್ತಾಕಿಗೆ ಯಾಕ ನಡಿಯೂದಿಲ್ಲ? ಆಕಿ ಬಂದು ಕೈ ತೋರಿಸಲಿ ಅಂತೀರೇನು?”

ಮುನ್ಶಿ ಸಾಬರು ಕೆಮ್ಮಿನೊಳಗೆ ನಕ್ಕರು. ಅಧಿಕಾರಿ ನನ್ನ ಸರ್ವಿಸ್ ರಿಜಿಸ್ಟರನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯ ಅಲ್ಲ, ಹೆದರಿಕೆ ಜಾಸ್ತಿ. ಕೊನೆಗೆ ನಕಲು ಕೊಟ್ಟರು. ಕೆಳಗೆ ಬರೆದರು: ಹೆಸರು ಬೇರೆ, ಮೂರೂ ದೇಹದ ಗುರುತು, ವರ್ಷ, ಜಿಲ್ಲೆ ಕೂಡಿಬರುತ್ತವೆ. ಮೊಹರು ಬಿತ್ತು.

ವರಾಂಡದ ಬೆಂಚಿನ ಮೇಲೆ ಕೂತು ಆಕಿ ಮನೆಗೆ ವಿಡಿಯೊ ಕಾಲ್ ಮಾಡಿದಳು. ದಿಂಬಿನ ಮೇಲೆ ಒಂದು ಸಣ್ಣ ಮುಖ ಕಂಡಿತು, ಮೂಗುಬೊಟ್ಟು ದೊಡ್ಡದು. ಮಗಳು ಸುತ್ತಿ ಬಳಸಿ ಶುರು ಮಾಡಿದಳು, ರಿಜಿಸ್ಟರ್ ಹಿಂಗಿತ್ತು, ಹಾಳೆ ಅಂಟಿತ್ತು ಅಂತ. ಮುದುಕಿ ತಡೆದಳು.

“ಅದೆಲ್ಲಾ ಬಿಡು. ಕೊಂದಿದ್ದು ಯಾರನ್ನ?”

“ಗಂಡನ್ನ ಅವ್ವಾ. ಕೂಸು ಜೀವಂತ ಇತ್ತು. ಯಾರೋ ತಗೊಂಡಾರ, ರಸೀದಿ ಐತಿ.”

ಮುದುಕಿ ಫೋನನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡಳು.

“ಗಂಡನ್ನಾ?” ಅಂದಳು. “ಗಂಡನ್ನ ಅಷ್ಟಾ? ನಾನು ತೊಂಬತ್ತು ವರ್ಷ ತಲಿ ತಗ್ಗಿಸಿದ್ದು ಇದಕ್ಕಾ?” ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಗುತ್ತಲೇ ಬಾಗಿಲ ಕಡೆ ಮುಖ ಮಾಡಿ, ಯಾರೋ ನೆರೆಯವಳ ಹೆಸರು ಹಿಡಿದು ಕೂಗತೊಡಗಿದಳು, ಈಗಿಂದೀಗ ಒಳಗ ಬಾ ಅಂತ.

ದ್ವೀಪದ ಬಾಯಿ ಹೋದ ಮೇಲೆ ಪುಸ್ತಕ ಹೊಲಿದೆ. ರಿಪೇರಿ ಮಾಡುವವರು ಹಾಳೆಯ ಮೇಲೆ ಒಂದು ಚುಕ್ಕಿಯನ್ನೂ ಸೇರಿಸಬಾರದು, ಅದು ನಮ್ಮ ಕಸುಬಿನ ಆಣೆ. ಕೂಸಿನ ಹೆಸರಿನ ಖಾಲಿ ಜಾಗ ಖಾಲಿಯಾಗೇ ಬಿಟ್ಟೆ. ಕೆಂಪು ಚೀಟಿಯನ್ನು ಮಾತ್ರ ಒದ್ದೆ ಹತ್ತಿಯಿಂದ ನೆನೆಸಿ ಕಿತ್ತೆ. ಪುಸ್ತಕಕ್ಕೆ ಕಟ್ಟುವ ಸೂಚಿ ಚೀಟಿ ಬರೆಯುವುದು ನನ್ನ ಕೆಲಸ. ಅದನ್ನು ನನಗೆ ಬರುವ ಭಾಷೆಯಲ್ಲಿ ಬರೆದೆ. ಸೂಪರ್‌ವೈಜರ್ ಇಣುಕಿ, ಕನ್ನಡದಲ್ಲಿ ಬರೆದರೆ ಇಲ್ಲಿ ಯಾರಮ್ಮಾ ಓದುತ್ತಾರೆ ಅಂದ. ಹಂಗಾದರೆ ನೀನು ಇದರ ಕೆಳಗೆ ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಬರಿ, ನಾ ಹೇಳ್ತೀನಿ ಅಂತ ಪೆನ್ನು ಅವನ ಕೈಗೆ ಕೊಟ್ಟೆ. ಗೊಣಗುತ್ತಾ ಬರೆದ.

‘ರುಕ್ಮಾ. ತವರಿನ ಹೆಸರು ಭೀಮಾ. ಬಲಗೈ ಮೇಲೆ ತುಳಸಿಕಟ್ಟೆ. ಹಡಗಿಗೆ ಕಳಿಸಿದ್ದು. ಕೂಸು ಒಂದು, ಹೆಣ್ಣು, ಜೀವಂತ.’